ಹಿತಕಬೇಳೆ

ಬಲಗೈ ಈಗ ನೆಂಟರ ಹಾಗೆ
ತೊಡೆಯ ಮೇಲೆ ಕೂತಿರುತ್ತದೆ.
ಏನು ಬೇಕೆಂದು ಕೇಳಿದರೆ ಬಾಯಿ ಬಿಡುವುದಿಲ್ಲ,
ಹೊರಡು ಎನ್ನಲು ನನಗೂ ಮನಸ್ಸಿಲ್ಲ.

ಆಗಸ್ಟ್ ತಿಂಗಳು, ಬೆಳಗಿನ ಮೊದಲ ಟ್ರಿಪ್ಪು,
ಕತ್ರಿಗುಪ್ಪೆ ದಾಟಿ ಒಂದು ಸ್ಟಾಪು.
ಐನೂರರ ನೋಟು ಕೊಟ್ಟವನಿಗೆ ಚಿಲ್ಲರೆ ಎಣಿಸುತ್ತಿದ್ದೆ,
ಎಂಬತ್ತು, ಎಂಬತ್ತೈದು,
ಅದರ ಮುಂದಿನ ಸಂಖ್ಯೆ ಬಾಯಿಗೆ ಬರಲಿಲ್ಲ.
ನಾಣ್ಯಗಳು ಸೀಟುಗಳ ಅಡಿಗೆ ಉರುಳಿದವು.
ಪೀಪಿ ಕೊರಳಲ್ಲೇ ಇತ್ತು,
ಊದಲು ಅರ್ಧ ತುಟಿ ಇರಲಿಲ್ಲ.

ಡ್ರೈವರ್ ಚನ್ನಿಗಪ್ಪ ಮೂವತ್ತೆಂಟು ಜನರ ಸಮೇತ
ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸಿದನಂತೆ.
ಯಾರೂ ಗೊಣಗಲಿಲ್ಲವಂತೆ.
ಒಬ್ಬ ಮಾತ್ರ ಗೇಟಿನಲ್ಲಿ ನಿಂತು
ತನ್ನ ಬಾಕಿ ಕೇಳಿದನಂತೆ.

ಜಯನಗರದ ಕೋಣೆಯಲ್ಲಿ ರೋಸ್ಲಿನ್
ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ,
ಒಣಗಿದ ಬಟ್ಟೆಯ ಮಡಿಕೆ ಬಿಡಿಸಿದಂತೆ.
"ಬರುತ್ತೆ ಅಕ್ಕ. ಯಾವಾಗ ಅಂತ ಹೇಳಕ್ಕಾಗಲ್ಲ."
ಇಪ್ಪತ್ತೆರಡು ವರ್ಷ ನಾನೂ ಇದನ್ನೇ ಹೇಳಿದ್ದೆ,
ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆದು,
"ಇಳಿಯೋವಾಗ ಇಸ್ಕೊಳ್ಳಿ" ಅಂತ.
ಎಷ್ಟು ಜನ ಮರೆತು ಇಳಿದುಹೋದರೋ.
ಎಷ್ಟು ಜನ ಮುಂದಿನ ಸ್ಟಾಪಿನವರೆಗೂ
ಆ ಚೀಟಿಯನ್ನು ಬೆವರಿನಲ್ಲಿ ಹಿಡಿದಿದ್ದರೋ.

ಸುಳ್ಳು ಹೇಳುವುದಿಲ್ಲ, ತಾಳ್ಮೆ ನನಗೆ ತಾನಾಗಿ ಬರಲಿಲ್ಲ.
ಚೆಂಬು ಎಸೆದಿದ್ದೇನೆ.
ರವಿಕೆಯ ಕೊಂಡಿ ಹಾಕಲು ಬಂದ ಮಗಳನ್ನು ಬೈದಿದ್ದೇನೆ.
ಬ್ಯಾಂಕಿನಲ್ಲಿ ಎಡಗೈ ಸಹಿ ಒಪ್ಪಲಿಲ್ಲ,
ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನವಳು
ಹೆಬ್ಬೆಟ್ಟು ಒತ್ತಿ ಬಂದೆ.
ಶ್ರೀನಗರದವರೆಗೂ ಆಟೋದಲ್ಲಿ
ಆ ನೀಲಿ ಶಾಯಿಯನ್ನು ಸೆರಗಿಗೆ ತಿಕ್ಕುತ್ತಲೇ ಇದ್ದೆ.

ಆಮೇಲೆ ಚಳಿ ಬಂತು.
ಕೆಳಗೆ ಗಾಡಿಯವನ ಕೂಗು, ಮಾಗಡಿ ಅವರೆ, ಸೊಗಡಿನವರೆ.
ಅತ್ತೆ ಪುಟ್ಟಹೊನ್ನಮ್ಮ ಮೂರು ಕೆಜಿ ಹೊರಿಸಿಕೊಂಡು ಬಂದರು.
ಸುಲಿದು, ರಾತ್ರಿಯೆಲ್ಲ ನೆನೆಹಾಕಿ,
ಬೆಳಿಗ್ಗೆ ಬೋಗುಣಿಯನ್ನು ನನ್ನ ಮುಂದಿಟ್ಟರು.
"ಇಪ್ಪತ್ತು ಕಾಳು ಹಿತಕು.
ಎಡಗೈ ತಂದೀಯಾ, ಬಡೀತೀನಿ."

ಮೊದಲ ದಿನ ಒಂದೂ ಇಲ್ಲ.
ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ
ಕಾಳು ಹಾಯಾಗಿ ಮಲಗಿತ್ತು.
ಎರಡನೇ ದಿನ ಹಲ್ಲು ಕಚ್ಚಿ ಒತ್ತಿದೆ, ನುಜ್ಜಾಯಿತು.
ಐದನೇ ದಿನ ಒಂದು ಬೇಳೆ ಚಿಮ್ಮಿ
ಅತ್ತೆಯ ಕನ್ನಡಕಕ್ಕೆ ಬಡಿಯಿತು.
ಇಬ್ಬರೂ ನಕ್ಕೆವು, ನನ್ನದು ಸೊಟ್ಟ ನಗೆ.

"ರಾತ್ರಿಯೆಲ್ಲ ನೆಂದಿದೆ, ಅದಕ್ಕೂ ಆಚೆ ಬರೋ ಆಸೆ ಇರತ್ತೆ.
ನೀನು ಸುಮ್ನೆ ಜೊತೆಗಿರು" ಎಂದರು.
ಅವರು ತಿರುಗಿ ನೋಡಲಿಲ್ಲ,
ಒಗ್ಗರಣೆಗೆ ಸಾಸಿವೆ ಹುಡುಕುತ್ತಿದ್ದರು.

ಡಿಪೋದಿಂದ ಕಾಗದ ಬಂದಿದೆ.
ಸಂಕ್ರಾಂತಿ ಕಳೆದ ಮೇಲೆ ಪಾಸ್ ಕೌಂಟರಿನಲ್ಲಿ ಕೂರುವ ಕೆಲಸ.
ಎರಡು ಸಲ ಓದಿದೆ, ಮಡಿಚಿ ಅಕ್ಕಿ ಡಬ್ಬದ ಕೆಳಗಿಟ್ಟೆ.
ತಿರುವಿನಲ್ಲಿ ಬಸ್ಸು ಹಿಂದಕ್ಕೆ ಬರುವಾಗ
ಯಾವುದೋ ಎಳೆ ಹುಡುಗಿಯ ದನಿ, "ಬಾ, ಬಾ, ಬಾ, ಹೋಲ್ಡಾನ್!"
ಎದೆ ಒಮ್ಮೆ ಫುಟ್‌ಬೋರ್ಡಿನಿಂದ ಇಳಿಯಿತು.
ಪೀಪಿ ಮೊಳೆಯಲ್ಲಿ ನೇತಾಡುತ್ತಿದೆ.
ತೆಗೆದಿಡಬೇಕು. ಇವತ್ತು ಬೇಡ.

ಇವತ್ತು ಹದಿನೇಳು ಕಾಳು.
ಹದಿನೆಂಟನೆಯದು ಸಿಪ್ಪೆ ಬಿಡಲಿಲ್ಲ,
ಎಷ್ಟು ಕೇಳಿದರೂ ಬಿಡಲಿಲ್ಲ,
ಹಾಗೇ ಪಾತ್ರೆಗೆ ಹಾಕಿದೆ.

ರಾತ್ರಿ ಮುದ್ದೆಯ ಜೊತೆ ಅದು ಅತ್ತೆಯ ತಟ್ಟೆಗೇ ಬಂತು.
ದೀಪದ ಬೆಳಕಿಗೆ ಎತ್ತಿ ಹಿಡಿದು ನೋಡಿ,
"ಇದು ನಿನ್ನ ಬಲಗೈದು" ಎಂದರು,
ಸಿಪ್ಪೆ ಸಮೇತ
ನಿಧಾನವಾಗಿ ಅಗಿದರು.